ಮಂಗಳೂರಿನಲ್ಲಿ ಬೈಬಲಿನ ಅಧಿಕಾರ: ಕಥೋಲಿಕ–ಪ್ರಾಟೆಸ್ಟೆಂಟ್ ಭಿನ್ನಮತ

ಕ್ರೈಸ್ತ ನಂಬಿಕೆಗೆ ಬೈಬಲೊಂದೇ ಕೊನೆಯ ಆಧಾರವೋ, ಅದರ ಜೊತೆಗೆ ಧರ್ಮಸಭೆಯ ಪರಂಪರೆ ಮತ್ತು ಬೋಧನಾಧಿಕಾರವೂ ಬೇಕೋ ಎಂಬ ವಿವಾದ. ಯುರೋಪಿನಲ್ಲಿ 16ನೆಯ ಶತಮಾನದಲ್ಲಿ ಹುಟ್ಟಿದ ಈ ಜಗಳ ಮಂಗಳೂರಿನಲ್ಲಿ ನೆಲೆಯೂರಿದ್ದು 1834ರಲ್ಲಿ ಬಂದ ಪ್ರಾಟೆಸ್ಟೆಂಟ್ ಬಾಸೆಲ್ ಮಿಶನ್ನಿನೊಂದಿಗೆ. ಯಾವ ಭಾಷೆಯಲ್ಲಿ, ಯಾರ ಕೈಗೆ, ಯಾವ ಪುಸ್ತಕ ಸಿಕ್ಕಿತು ಎಂದು ನೋಡುತ್ತ ಹೋದರೆ ಇಲ್ಲಿನ ಭಿನ್ನಮತ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ಮೂಲ ಜಗಳ ಎಲ್ಲರಿಗೂ ಗೊತ್ತಿರುವಂಥದ್ದೇ. ಪೋಪರೂ ಮಹಾಸಭೆಗಳೂ ತಪ್ಪಬಹುದು, ಗ್ರಂಥ ತಪ್ಪದು ಎಂದು 1521ರಲ್ಲಿ ವರ್ಮ್ಸ್ ಸಭೆಯಲ್ಲಿ ಮಾರ್ಟಿನ್ ಲೂಥರ್ ಪಟ್ಟುಹಿಡಿದ. 1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಭೆ ಇದಕ್ಕೆ ಉತ್ತರ ಕೊಟ್ಟಿತು. ಬರೆದಿಟ್ಟ ಗ್ರಂಥಕ್ಕೂ ಅಪೊಸ್ತಲರಿಂದ ಇಳಿದುಬಂದ ಬರೆಯದ ಪರಂಪರೆಗೂ ಸಮಾನ ಗೌರವ, ಅರ್ಥ ಹೇಳುವ ಹಕ್ಕು ಧರ್ಮಸಭೆಯದು ಎಂದು ಅದು ವಿಧಿಸಿತು. ಜನಭಾಷೆಯ ಬೈಬಲ್ ಓದಲು ಅನುಮತಿ ಪಡೆಯಬೇಕೆಂಬ ನಿಯಮ 1564ರಲ್ಲಿ ಬಂತು.

ಮಂಗಳೂರಿನ ಕೊಂಕಣಿ ಕಥೋಲಿಕರು (ತುಳುವರ ಬಾಯಲ್ಲಿ ಪೊರ್ಬುಗಳು) ಬಹುಮಟ್ಟಿಗೆ ಗೋವೆಯಿಂದ ವಲಸೆ ಬಂದವರು. ಇಲ್ಲಿನ ರೊಸಾರಿಯೊ ಇಗರ್ಜಿ ಆರಂಭವಾದದ್ದು 1568ರಲ್ಲಿ. ಪೂಜೆ ಲ್ಯಾಟಿನ್‌ನಲ್ಲಿ, ಧರ್ಮೋಪದೇಶ ಬಾಯಿಪಾಠದಲ್ಲಿ. ಹಾಗೆಂದು ಬೈಬಲಿನ ಕಥೆ ಇವರಿಗೆ ಗೊತ್ತಿರಲಿಲ್ಲ ಎನ್ನುವುದು ಅನ್ಯಾಯದ ಮಾತು. ಇಂಗ್ಲಿಷ್ ಜೆಸುಯಿತ್ ಥಾಮಸ್ ಸ್ಟೀಫನ್ಸ್ ಕೊಂಕಣಿ ಬೆರೆತ ಮರಾಠಿಯಲ್ಲಿ ರಚಿಸಿದ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಗಿತ್ತು. ಮೊದಲ ಭಾಗದಲ್ಲಿ ಹಳೆಯ ಒಡಂಬಡಿಕೆ, ಎರಡನೆಯದರಲ್ಲಿ ಕ್ರಿಸ್ತನ ಚರಿತೆ. ಸುಮಾರು 11,000 ಓವಿಗಳು. ಕೈಬರಹದ ಪ್ರತಿಗಳಲ್ಲಿ ಉಳಿದುಬಂದ ಅದನ್ನು ಜೋಸೆಫ್ ಎಲ್. ಸಲ್ದಾನ್ಹಾ 1907ರಲ್ಲಿ ಮಂಗಳೂರಿನಲ್ಲೇ ಸಂಪಾದಿಸಿ ಅಚ್ಚುಹಾಕಿಸಿದರು. ಆದಾಮನೂ ಅಬ್ರಹಾಮನೂ ಇಲ್ಲಿಯವರಿಗೆ ಕಿವಿಯ ಮೂಲಕ ಬಂದರು, ಪುರಾಣವಾಗಿ ಬಂದರು. ಹಾಡುವ ಗ್ರಂಥಕ್ಕೆ ಸಮುದಾಯ ಬೇಕು, ಒಬ್ಬನೇ ಕೂತು ಓದುವ ಗ್ರಂಥಕ್ಕೆ ದೀಪವೊಂದಿದ್ದರೆ ಸಾಕು. ಟ್ರೆಂಟಿನ ತೀರ್ಪನ್ನು ಕೇಳಿರದ ಊರಿನಲ್ಲೂ ಅದರ ಸ್ವಭಾವ ಬೇರೂರಿದ್ದು ಹೀಗೆ.

ಸಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ಲಿಗರಿಗೆ ಪುಸ್ತಕವೇ ಮೊದಲು. ಕನ್ನಡದ ಇಡೀ ಬೈಬಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಸಿದ್ಧವಾಗಿತ್ತು. ಆದರೆ ಇಲ್ಲಿ ಮಿಶನ್ ಸೇರಿದವರಲ್ಲಿ ಹಲವರು ತುಳು ಮಾತನಾಡುವ ಬಿಲ್ಲವರು. 1841ರಲ್ಲಿ ಮುದ್ರಣಾಲಯ ಶುರುವಾಯಿತು. ಮರುವರ್ಷ ತುಳುವಿನಲ್ಲಿ ಮತ್ತಾಯನ ಸುವಾರ್ತೆ, 1847ರಲ್ಲಿ ತುಳು ಹೊಸ ಒಡಂಬಡಿಕೆ ಹೊರಬಂದವು. ಆರಂಭದ ಕೆಲಸವೆಲ್ಲ ಕಲ್ಲಚ್ಚಿನದು. ಪುಟಪುಟವನ್ನೂ ಕನ್ನಡ ಲಿಪಿಯಲ್ಲಿ ಕೈಯಿಂದ ಬರೆದು, ಕಲ್ಲಿನ ಮೇಲಿಳಿಸಿ, ಮಸಿ ಹಚ್ಚಿ ಒತ್ತಬೇಕು.

'ಗ್ರಂಥವೊಂದೇ' ಎಂಬ ತತ್ತ್ವ ಆಚರಣೆಯಲ್ಲಿ ಅಷ್ಟೇನೂ ಒಂಟಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಿಶನ್ ಸೇರಿದ ಬಿಲ್ಲವರು ಶೇಂದಿ ಇಳಿಸುವ ಕಸುಬು ಬಿಡಬೇಕಾಯಿತು. ತಾಳೆಮರ ಹತ್ತಬಾರದೆಂದು ಯಾವ ಸುವಾರ್ತೆಯಲ್ಲೂ ಇಲ್ಲ; ಹೇಳಿದ್ದು ಮಿಶನ್. ನೇಯ್ಗೆ, ಹಂಚಿನ ಕಾರ್ಖಾನೆಗಳು ಬಂದದ್ದರ ಹಿಂದೆ ಈ ಕಾರಣವೂ ಇತ್ತು.

ಭಿನ್ನಮತ ಎದ್ದು ಕಾಣುವುದು ಪರಿವಿಡಿಯಲ್ಲಿ. ಪ್ರಾಟೆಸ್ಟೆಂಟರ 'ಸತ್ಯವೇದ'ದಲ್ಲಿ 66 ಪುಸ್ತಕಗಳು, ಕಥೋಲಿಕರ ಬೈಬಲಿನಲ್ಲಿ 73. ತೋಬಿತ್, ಯೂದಿತ್, ಜ್ಞಾನಗ್ರಂಥ, ಸಿರಾಖ, ಬಾರೂಕ್ ಮತ್ತು ಮಕ್ಕಬಿಯರ ಎರಡು ಪುಸ್ತಕಗಳೇ ಹೆಚ್ಚಿನ ಏಳು. ಲೂಥರ್ ತನ್ನ 1534ರ ಜರ್ಮನ್ ಬೈಬಲಿನಲ್ಲಿ ಇವನ್ನು ಎರಡು ಒಡಂಬಡಿಕೆಗಳ ನಡುವೆ ಪ್ರತ್ಯೇಕವಾಗಿ ಇಟ್ಟಿದ್ದ. ಬ್ರಿಟಿಷ್ ಆ್ಯಂಡ್ ಫಾರಿನ್ ಬೈಬಲ್ ಸೊಸೈಟಿ 1826ರಲ್ಲಿ ಇವುಗಳಿಗೆ ಹಣ ಕೊಡುವುದಿಲ್ಲವೆಂದು ತೀರ್ಮಾನಿಸಿತು. ನವೆಂಬರ್ 2ರಂದು ಮಂಗಳೂರಿನ ಕಥೋಲಿಕ ಕುಟುಂಬಗಳು ಸಮಾಧಿಗಳನ್ನು ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಸತ್ತವರಿಗಾಗಿ ಪ್ರಾರ್ಥಿಸುತ್ತವೆ. ಆ ಪ್ರಾರ್ಥನೆಗೆ ಕಥೋಲಿಕರು ತೋರಿಸುವ ಮುಖ್ಯ ಆಧಾರ ಮಕ್ಕಬಿಯರ ಎರಡನೆಯ ಪುಸ್ತಕದ 12ನೆಯ ಅಧ್ಯಾಯ. ಸತ್ಯವೇದದಲ್ಲಿ ಹುಡುಕಿದರೆ ಆ ಪುಸ್ತಕವೇ ಸಿಗದು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮೇರಿಮಾತೆಯ ಜನನದ ಹಬ್ಬ, ಇನ್ನೂ ಸ್ವಾರಸ್ಯದ ಉದಾಹರಣೆ. ಮಕ್ಕಳು ಮೇರಿಮಾತೆಗೆ ಹೂ ಅರ್ಪಿಸುತ್ತಾರೆ. ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು, ಕಾಳು ಬಿಡಿಸಿ, ಹಾಲಿಗೋ ಪಾಯಸಕ್ಕೋ ಹಾಕಿ ಹಂಚಿಕೊಳ್ಳುತ್ತಾರೆ. ಅಂದು ಊಟ ಸಸ್ಯಾಹಾರ. ಆದರೆ ಮೇರಿಯ ಜನನದ ಕಥೆ 66ರಲ್ಲೂ ಇಲ್ಲ, 73ರಲ್ಲೂ ಇಲ್ಲ. ಅದು ಬಂದದ್ದು ಬೈಬಲಿನ ಹೊರಗುಳಿದ, ಯಾಕೋಬನ ಹೆಸರಿನಲ್ಲಿ ಪ್ರಚಲಿತವಾದ ಪ್ರಾಚೀನ ಕೃತಿಯೊಂದರಿಂದ. ಕಥೋಲಿಕರಿಗೆ ಇದು ತೊಡಕಲ್ಲ, ಪರಂಪರೆ ಸಾಕು. ಬಾಸೆಲ್ ಮಿಶನ್ನಿನವರ ಪಾಲಿಗೆ ಇಂಥ ಹಬ್ಬಕ್ಕೆ ಬುನಾದಿಯೇ ಇರಲಿಲ್ಲ.

1878ರ ಡಿಸೆಂಬರ್ 31ರಂದು ಜೆಸುಯಿತರು ಬಂದ ಮೇಲೆ ಕಥೋಲಿಕರ ಕಡೆಗೂ ವಿದ್ಯಾಸಂಸ್ಥೆಗಳ ಬಲ ಬಂತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು, ಸ್ವಲ್ಪದರಲ್ಲೇ ಕೊಡಿಯಾಲಬೈಲ್ ಪ್ರೆಸ್ ಕೂಡ. ಕಾಲೇಜಿನ ಚಾಪೆಲಿನ ಗೋಡೆ, ಚಾವಣಿಗಳ ಮೇಲೆ 1900ರ ಸುಮಾರಿಗೆ ಅಂತೋನಿಯೊ ಮೊಸ್ಕೆನಿ ಚಿತ್ರಿಸಿದ ಕ್ರಿಸ್ತ ಮತ್ತು ಅಪೊಸ್ತಲರು ಓದುಬಾರದವನಿಗೂ ತೆರೆದ ಪುಸ್ತಕ. ಎರಡು ಪಾಳೆಯಗಳು ಮುಖ ತಿರುಗಿಸಿಕೊಂಡೇ ಇದ್ದವು ಎಂದೇನೂ ಅಲ್ಲ. ಜೆಸುಯಿತ್ ಪಾದ್ರಿ ಆಂಜೆಲೊ ಮಾಫೆಯಿ ಬರೆದ ಕೊಂಕಣಿ ವ್ಯಾಕರಣ (1882), ಮರುವರ್ಷದ ನಿಘಂಟು ಎರಡೂ ಅಚ್ಚಾದದ್ದು ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ! ಪೋಪರ ಅಧಿಕಾರ ಒಪ್ಪದವರ ಅಚ್ಚುಮೊಳೆಗಳು ಪೋಪರ ಆಳಿನ ಪುಸ್ತಕವನ್ನು ಜೋಡಿಸಿಕೊಟ್ಟವು.

ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಚಿತ್ರ ಬದಲಾಯಿತು. 1965ರ ನವೆಂಬರ್ 18ರ 'ದೇಯಿ ವೆರ್ಬುಮ್' ದಾಖಲೆ ಶ್ರೀಗ್ರಂಥವನ್ನು ಎಲ್ಲ ವಿಶ್ವಾಸಿಗಳಿಗೂ ತೆರೆದಿಡಬೇಕೆಂದಿತು. ಪೂಜೆಯೂ ವಾಚನಗಳೂ ಕೊಂಕಣಿಗೆ, ಕನ್ನಡಕ್ಕೆ ಬಂದವು. ಬಾಸೆಲ್ಲಿಗರು ಶತಮಾನದ ಹಿಂದೆ ಕಲ್ಲಚ್ಚಿನಲ್ಲಿ ಮಾಡಿದ ಕೆಲಸಕ್ಕೆ ಕಥೋಲಿಕರೂ ಕೈಹಾಕಿದರು. ಆದರೆ ಅದೇ ದಾಖಲೆ, ದೇವವಾಕ್ಯದ ಅಧಿಕೃತ ವ್ಯಾಖ್ಯಾನ ಧರ್ಮಸಭೆಯ ಬೋಧನಾಧಿಕಾರಕ್ಕೆ ಮಾತ್ರ ಸೇರಿದ್ದೆಂದೂ, ಆ ಅಧಿಕಾರ ವಾಕ್ಯದ ಮೇಲಿನದಲ್ಲ, ವಾಕ್ಯದ ಸೇವೆಗಿರುವುದೆಂದೂ ಹೇಳುತ್ತದೆ. ಇಂದು ಜೆಪ್ಪುವಿನ ಕಥೋಲಿಕ ಸೆಮಿನರಿಯವರೂ ಬಲ್ಮಠದ ಪ್ರಾಟೆಸ್ಟೆಂಟ್ ಥಿಯಲಾಜಿಕಲ್ ಕಾಲೇಜಿನವರೂ ಈ ಮಾತಿನ ಎರಡನೆಯ ಅರ್ಧವನ್ನು ಕೂಡಿಯೇ ಓದಬಲ್ಲರು. ಮೊದಲ ಅರ್ಧಕ್ಕೆ ಬಂದಾಗ ಬಲ್ಮಠ ನಿಲ್ಲುತ್ತದೆ.