ಹೆಗ್ಗೋಡಿನ ರಂಗಮಂದಿರ: ಪ್ರೇಕ್ಷಕರು ಮೊದಲು, ಕಟ್ಟಡ ಆಮೇಲೆ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಸುತ್ತ ಅಡಿಕೆ ತೋಟ, ಮಳೆಗಾಲ ಬಂತು ಅಂದ್ರೆ ತಿಂಗಳುಗಟ್ಟಲೆ ಮಳೆ. ಇಂಥ ಹಳ್ಳಿಯಲ್ಲಿ ಶೇಕ್ಸ್‌ಪಿಯರ್, ಬ್ರೆಕ್ಟ್ ನಾಟಕ ಆಡಿದ್ರೆ ಯಾರು ಬರ್ತಾರೆ? ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರೋ ಹೆಗ್ಗೋಡಿನಲ್ಲಿ ಊರವರೇ ಬರ್ತಾರೆ. ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ.

ಇದು ಒಂದೇ ದಿನಕ್ಕೆ ಆದದ್ದಲ್ಲ. 1949ರಲ್ಲಿ ಊರಿನ ಕೆಲವರು ಸೇರಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದ್ರು. ಹೆಸರು ಉದ್ದ ಆಯ್ತಲ್ವಾ? ಅದೇ ಚಿಕ್ಕದಾಗಿ ‘ನೀನಾಸಂ’ ಆಯ್ತು. ಅದರ ಜೀವಾಳ ಕೆ.ವಿ. ಸುಬ್ಬಣ್ಣ. ಆಗ ಅವರಿನ್ನೂ ಹದಿನೇಳರ ಆಸುಪಾಸಿನ ಹುಡುಗ. ಮುಂದೆ ಮೈಸೂರಿನಲ್ಲಿ ಓದಿ, ಅಲ್ಲೇ ನಿಲ್ಲದೆ ಊರಿಗೆ ವಾಪಸ್ ಬಂದರು. ನನ್ನ ಪ್ರಕಾರ ಇಡೀ ಕಥೆ ತಿರುಗೋದೇ ಇಲ್ಲಿ.

ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದು ನಿಂತದ್ದು 1970ರ ದಶಕದ ಆರಂಭದಲ್ಲಿ. ಅಂದ್ರೆ ಸಂಘ ಹುಟ್ಟಿ ಇಪ್ಪತ್ತು ವರ್ಷ ದಾಟಿದ ಮೇಲೆ! ನಾವೀಗ ಮೊದಲು ಭವನ ಕಟ್ಟಿ, ಆಮೇಲೆ ಜನರನ್ನ ಹುಡುಕ್ತೀವಿ. ಅಲ್ಲಿ ನಾಟಕ ನೋಡೋ ಜನ ಮೊದಲು ತಯಾರಾದ್ರು. 1973ರಲ್ಲಿ ಚಿತ್ರಸಮಾಜ ಶುರುವಾಯ್ತು, ಪರಭಾಷೆಯ ಸಿನಿಮಾಗಳೂ ಹಳ್ಳಿಗೆ ಬಂದವು. 1980ರಲ್ಲಿ ನಾಟಕ ಕಲಿಸೋ ರಂಗಶಿಕ್ಷಣ ಕೇಂದ್ರ. ಕಲಿತವರಿಗೆ ಕೆಲಸ ಬೇಕಲ್ಲ? 1985ರಲ್ಲಿ ‘ತಿರುಗಾಟ’ ಹೊರಟಿತು. ಇದು ಯಕ್ಷಗಾನ ಮೇಳದವರ ಮಾತು. ಊರೂರು ಸುತ್ತಿ ಆಟ ಆಡೋದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರೂ ನಾಟಕ ನಿಲ್ಲಲಿಲ್ಲ.

ಹೋಗಬೇಕು ಅನ್ನಿಸ್ತಾ? ಬೆಂಗಳೂರಿನಿಂದ ತಾಳಗುಪ್ಪದ ಕಡೆ ಹೋಗೋ ರೈಲು ಹತ್ತಿ ಸಾಗರದಲ್ಲಿ ಇಳೀರಿ. ಅಲ್ಲಿಂದ ಬಸ್ಸು ಇಲ್ಲವೇ ಆಟೊ. ದೂರ ಹತ್ತು ಕಿಲೋಮೀಟರಿನೊಳಗೆ. ಸುಮ್ಮನೆ ಕಟ್ಟಡ ನೋಡಿ ಸೆಲ್ಫಿ ತಗೊಂಡು ಬರೋದಾದ್ರೆ ಅಷ್ಟು ದೂರ ಹೋಗೋದು ದಂಡ. ನಾಟಕ ಇರೋ ದಿನವೇ ಹೋಗಿ. ಹೊಸ ನಾಟಕಗಳು ಸಾಮಾನ್ಯವಾಗಿ ಮಳೆಗಾಲ ಕಳೆದ ಮೇಲೆ ರಂಗಕ್ಕೆ ಬರುತ್ತವೆ. ತಾರೀಖು ಮೊದಲೇ ಕೇಳಿಕೊಳ್ಳಿ. ಆಟ ರಾತ್ರಿ ಮುಗಿದ ಮೇಲೆ ಸಾಗರಕ್ಕೆ ಬಸ್ಸು ಸಿಗುತ್ತೆ ಅಂತ ನಂಬಿ ಕೂರಬೇಡಿ, ಉಳಿಯೋ ಜಾಗ ಗೊತ್ತು ಮಾಡಿಕೊಂಡೇ ಹೋಗಿ. ಛತ್ರಿ ಬ್ಯಾಗಿನಲ್ಲಿರಲಿ. ಮೊಬೈಲ್ ಸೈಲೆಂಟ್ ಅಲ್ಲ, ಸ್ವಿಚ್ ಆಫ್. ಕತ್ತಲಲ್ಲಿ ನಿಮ್ಮ ಸ್ಕ್ರೀನ್ ಬೆಳಗಿದ್ರೆ ಪಕ್ಕದಲ್ಲಿ ಕೂತ ಅಜ್ಜಿಯೇ ಗದರಿಸಿಯಾರು!

ಅಷ್ಟು ದೂರ ಹೋಗೋಕಾಗಲ್ವಾ? ತಿರುಗಾಟ ನಿಮ್ಮೂರಿಗೆ ಯಾವಾಗ ಬರುತ್ತೆ ನೋಡಿ.