ಸರ್ಕಾರೀ ಅಂಚೆಚೀಟಿಯ ಮೇಲಚ್ಚಿನ ತಪ್ಪುಗಳು

ತಪ್ಪು ಮಾಡಿದವನಿಗೆ ದಂಡ ವಿಧಿಸುವುದು ಲೋಕರೂಢಿ. ತಪ್ಪಿಗೇ ಬೆಲೆ ಬರುವುದು ಅಪೂರ್ವ. ಅಂಚೆಚೀಟಿಗಳನ್ನು ಕೂಡಿಡುವವರ ಲೋಕದಲ್ಲಿ ಮಾತ್ರ ಅಚ್ಚುಕೂಟದ ಅಜಾಗರೂಕತೆಯು ಆಸ್ತಿಯಾಗಿ ಪರಿಣಮಿಸುವುದುಂಟು. ಸರ್ಕಾರದ ಕೆಲಸಕ್ಕೆಂದು ಮೀಸಲಾದ ಚೀಟಿಗಳಲ್ಲಿ ಇಂತಹ ತಪ್ಪುಗಳು ಹೇಗೆ ಹುಟ್ಟಿದುವೆಂಬುದನ್ನು ನಾವು ಸ್ವಲ್ಪ ವಿಚಾರಿಸೋಣ.

ಕಚೇರಿಯ ಖರ್ಚಿನ ಚೀಟಿಗಳು ನೌಕರರ ಮನೆಯ ಕಾಗದಗಳಿಗೆ ಅಂಟದಿರಬೇಕಾದರೆ ಅವುಗಳ ಮೇಲೆ ಎದ್ದು ಕಾಣುವ ಗುರುತೊಂದು ಬೇಕು. ಅದಕ್ಕಾಗಿ ಸಾಧಾರಣ ಚೀಟಿಯ ಮೇಲೆಯೇ ಮತ್ತೊಮ್ಮೆ ಅಕ್ಷರಗಳನ್ನು ಅಚ್ಚುಹಾಕುವ ಪದ್ಧತಿ ಬಂದಿತು. ಇದೇ ಮೇಲಚ್ಚು. ಹಿಂದೂದೇಶದಲ್ಲಿ ಇದು 1866ರಲ್ಲಿ ಆರಂಭವಾಯಿತು. ಲಂಡನ್ನಿನಲ್ಲಿ ಅಚ್ಚಾಗಿ ಬಂದ ಹಾಳೆಗಳಿಗೆ ಕಲ್ಕತ್ತೆಯ ಸೈನಿಕ ಅನಾಥಾಲಯದ ಮುದ್ರಣಾಲಯದಲ್ಲಿ ‘ಸರ್ವಿಸ್’ ಎಂಬ ಇಂಗ್ಲಿಷ್ ಪದವನ್ನು ಒತ್ತಿದರು. 1874ರಿಂದ ಆ ಪದಕ್ಕೆ ಬದಲಾಗಿ ‘ಆನ್ ಎಚ್. ಎಂ. ಎಸ್.’ ಎಂಬ ಅಕ್ಷರಗಳು ಕಾಣಿಸಿಕೊಂಡುವು.

ಈ ತಪ್ಪುಗಳಲ್ಲಿ ಎರಡು ಜಾತಿಗಳುಂಟು. ಮೊಳೆ ಜೋಡಿಸುವಾಗ ಆದ ತಪ್ಪು ಒಂದು. 1866ರ ಮೇಲಚ್ಚಿನಲ್ಲಿ ಒಂದೆಡೆ ‘ಐ’ ಅಕ್ಷರದ ಮೇಲಣ ಚುಕ್ಕೆಯೂ, ಇನ್ನೊಂದೆಡೆ ಪದದ ಕೊನೆಯ ಬಿಂದುವೂ ಇಲ್ಲವಾಗಿವೆ. ಇಂಗ್ಲೆಂಡಿನ ಸೈನ್ಯಶಾಖೆಗೆಂದು 1896ರಲ್ಲಿ ಹೊರಟ ಚೀಟಿಗಳಲ್ಲಿ ‘ಅಫಿಷಿಯಲ್’ ಪದದ ಕೊನೆಯ ‘ಎಲ್’ ಇರಬೇಕಾದಲ್ಲಿ ‘ಐ’ ಕಾಣುವುದೂ ಈ ಜಾತಿಗೆ ಸೇರಿದುದು. ಮೊಳೆಯ ದೋಷವಾದುದರಿಂದ ಇದು ಹಾಳೆ ಹಾಳೆಯಲ್ಲಿಯೂ ಅದೇ ಸ್ಥಾನದಲ್ಲಿ ಮರುಕಳಿಸುತ್ತದೆ. ಎರಡನೆಯದು ಹಾಳೆಯನ್ನು ತಲೆಕೆಳಗಾಗಿಯೋ ಎರಡು ಸಲವೋ ಯಂತ್ರಕ್ಕೆ ಕೊಟ್ಟುದರ ಫಲ. ಇದರಿಂದ ಕೆಡುವುದು ಆ ಒಂದು ಹಾಳೆ ಮಾತ್ರ. ಪರೀಕ್ಷಕನ ಕಣ್ಣು ತಪ್ಪಿಸಿ ಹೊರಬಿದ್ದುದು ಅಲ್ಪ. ಹಿಂದಿನ ತಿರುವಾಂಕೂರು ಸಂಸ್ಥಾನದ ‘ಆನ್ ಎಸ್. ಎಸ್.’ ಚೀಟಿಗಳಲ್ಲಿಯೂ ತಲೆಕೆಳಗಾದ ಮೇಲಚ್ಚುಗಳುಂಟು.

ಆದರೆ ಬೆಲೆಯಿರುವಲ್ಲಿ ವಂಚನೆಯೂ ಕಾದಿರುತ್ತದೆ. ಇಡೀ ಚೀಟಿಯನ್ನು ಕೃತಕವಾಗಿ ಸೃಷ್ಟಿಸುವುದು ಕಷ್ಟ. ನಿಜವಾದ ಚೀಟಿಯ ಮೇಲೆ ನಾಲ್ಕು ಅಕ್ಷರಗಳನ್ನು ತಲೆಕೆಳಗಾಗಿ ಒತ್ತುವುದಕ್ಕಾದರೋ ಒಂದು ಸಣ್ಣ ಯಂತ್ರವೇ ಸಾಕು. ಆದುದರಿಂದ ವಿವೇಕಿಯು ತಪ್ಪನ್ನು ನೋಡುವುದಕ್ಕೆ ಮೊದಲು ಅಕ್ಷರದ ಆಕಾರವನ್ನೂ ಶಾಯಿಯನ್ನೂ ಪರೀಕ್ಷಿಸುತ್ತಾನೆ. ಅಂಚೆಯ ಮುದ್ರೆಯು ಮೇಲಚ್ಚಿನ ಅಡಿಯಲ್ಲಿದ್ದರೆ, ಕಾಗದವು ಅಂಚೆಯಲ್ಲಿ ಸಾಗಿದ ಮೇಲೆ ಯಾರೋ ಅಕ್ಷರ ಒತ್ತಿದರೆಂಬುದು ತಾನಾಗಿಯೇ ಬಯಲಾಗುತ್ತದೆ.

ಇಲ್ಲಿ ನಾವೇ ಮಾಡುವ ಅಪರಾಧವೊಂದುಂಟು. ಹಳೆಯ ಲಕೋಟೆ ಸಿಕ್ಕಿದೊಡನೆ ಅದನ್ನು ನೀರಿನಲ್ಲಿ ನೆನೆಸಿ, ಚೀಟಿಯನ್ನು ಬಿಡಿಸಿಕೊಂಡು, ಉಳಿದುದನ್ನು ಒಲೆಗೆ ಹಾಕುತ್ತೇವೆ. ಬರೆದ ಕಚೇರಿ, ಹೊರಟ ಊರು, ಮುಟ್ಟಿದ ದಿನ—ಇವೆಲ್ಲವೂ ಲಕೋಟೆಯೊಡನೆ ಬೂದಿಯಾಗುತ್ತವೆ. ಆಮೇಲೆ ಆಲ್ಬಮಿನಲ್ಲಿ ಉಳಿಯುವುದು ಸಾಕ್ಷಿಗಳನ್ನು ಕಳೆದುಕೊಂಡ ವ್ಯಾಜ್ಯದಂತಹ ಒಂದು ತುಣುಕು. ಅದು ಅಪ್ಪಟವೆಂದು ನಾವು ಎಷ್ಟು ಪ್ರಮಾಣಮಾಡಿದರೂ ನಂಬುವವರಾರು?

ಅವಸರದಲ್ಲಿ ಮೊಳೆ ಜೋಡಿಸಿದ ಕೆಲಸಗಾರನ ಹೆಸರು ಯಾವ ದಫ್ತರದಲ್ಲಿಯೂ ದೊರೆಯದೆ ಹೋಗಬಹುದು. ಅವನ ಕೈತಪ್ಪು ಮಾತ್ರ ಉಳಿದಿದೆ. ಅದನ್ನು ಲಕೋಟೆಯ ಸಮೇತ ಕಾಪಾಡಿದರೆ ಅದು ಇತಿಹಾಸ. ಕಿತ್ತು ಬೇರ್ಪಡಿಸಿದರೆ ಬರಿಯ ವಿನೋದ.