ಯಂತ್ರದ ಕಣ್ಣಿಗೊಂದು ನರ

ಕಾರ್ಖಾನೆಯಲ್ಲಿ ಸಾಲಾಗಿ ಓಡುವ ಬಾಟಲಿಗಳ ನಡುವೆ ಬಿರುಕು ಬಿಟ್ಟದ್ದನ್ನು ಕ್ಯಾಮೆರಾ ನೋಡುತ್ತದೆ, ಕಂಪ್ಯೂಟರ್ ಗುರುತಿಸುತ್ತದೆ. ಇವೆರಡನ್ನು ಜೋಡಿಸುವ ಕೇಬಲ್ಲಿನ ಕಥೆ ನಿಮಗೆ ಗೊತ್ತೆ?

ಅಮೆರಿಕದಲ್ಲಿ ಮೊದಮೊದಲು ಇದಕ್ಕೆ ಟಿ.ವಿ.ಯ ಅನಲಾಗ್ ಸಂಕೇತವನ್ನೇ ಬಳಸಿದರು. ಅದರಲ್ಲಿ ಸೆಕೆಂಡಿಗೆ 30 ಚಿತ್ರಗಳು. ಪ್ರತಿ ಚಿತ್ರವೂ ಬೆಸ ಗೆರೆ, ಸಮ ಗೆರೆ ಎಂದು ಎರಡು ಕಂತುಗಳಲ್ಲಿ ಬರುತ್ತಿತ್ತು. ಓಡುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತಾಗುತ್ತಿತ್ತು. ಮನೆಯಲ್ಲಿ ಕುಳಿತು ನೋಡುವವರಿಗೆ ಇದು ಸಾಕು, ಅಳೆಯುವ ಯಂತ್ರಕ್ಕೆ ಸಾಲದು.

ಮುಂದೆ ಡಿಜಿಟಲ್ ಕ್ಯಾಮೆರಾಗಳು ಬಂದವು. ಆದರೆ ಕಂಪೆನಿಗೊಂದು ಬಗೆಯ ಕೇಬಲ್, ಅದೂ ಹತ್ತಾರು ತಂತಿಗಳ ದಪ್ಪ ಕಟ್ಟು. ಕ್ಯಾಮೆರಾ ಬದಲಿಸಿದರೆ ಅದನ್ನೂ ಬದಲಿಸಬೇಕು. ಕೊನೆಗೆ ಪೈಪೋಟಿಯ ಕಂಪೆನಿಗಳೇ ಒಟ್ಟಿಗೆ ಕುಳಿತು, 2000ದಲ್ಲಿ ‘ಕ್ಯಾಮೆರಾ ಲಿಂಕ್’ ಎಂಬ ಸಮಾನ ನಿಯಮಕ್ಕೆ ಬಂದವು. 28 ಬಿಟ್‌ಗಳನ್ನು ಕೇವಲ 4 ಜೊತೆ ತಂತಿಗಳಲ್ಲಿ ಒಂದರ ಹಿಂದೊಂದು ಕಳಿಸುವುದೇ ಅದರ ಉಪಾಯ. ಅದರ ಮೂಲ ರೂಪದಲ್ಲೇ ಸೆಕೆಂಡಿಗೆ 255 ಮೆಗಾಬೈಟ್ ವೇಗ! ಕೇಬಲ್ಲಿನ ಉದ್ದ ಮಾತ್ರ ಸುಮಾರು 10 ಮೀಟರಿಗೆ ಸೀಮಿತ. 2006ರ ‘ಗಿಗ್‌ಇ ವಿಷನ್’ ಅರ್ಧದಷ್ಟು ವೇಗಕ್ಕೆ ಒಪ್ಪಿಕೊಂಡು 100 ಮೀಟರ್ ದೂರ ಮುಟ್ಟಿತು.

ವಿದ್ಯಾರ್ಥಿಗಳೇ, ಇಲ್ಲಿ ಗಮನಿಸಿ: ಕಣ್ಣು ಎಷ್ಟೇ ಚುರುಕಾಗಿದ್ದರೂ ಕಂಡದ್ದನ್ನು ಮುಟ್ಟಿಸುವ ನರ ಬೇಕು. ಆ ನರವನ್ನು ಯಾವ ಒಬ್ಬ ಸಂಶೋಧಕನೂ ಕೊಡಲಿಲ್ಲ. ಅದು ಹಲವರ ಒಡಂಬಡಿಕೆಯಿಂದ ಬಂತು.